ವೀನಸ್ ಸ್ಟೆನೋಸಿಸ್: ಪೇಸ್‌ಮೇಕರ್ ವೈರ್ ಹೋಗುವ ರಕ್ತನಾಳ ಕಿರಿದಾದರೆ ಏನರ್ಥ?

ಪೇಸ್‌ಮೇಕರ್ ಹಾಕಿಸಿಕೊಂಡು ಕೆಲವು ವರ್ಷ ಕಳೆದವರ ವರದಿಯಲ್ಲಿ ಒಮ್ಮೊಮ್ಮೆ ಈ ಸಾಲು ಕಾಣಿಸುತ್ತದೆ: ಎಡ ಸಬ್‌ಕ್ಲೇವಿಯನ್ ವೇನ್ ಸ್ಟೆನೋಸಿಸ್. ಓದಿದ ಮನೆಯವರ ತಲೆಗೆ ಮೊದಲು ಬರುವುದು 'ಬ್ಲಾಕ್', ಅದರ ಹಿಂದೆಯೇ ಹಾರ್ಟ್ ಅಟ್ಯಾಕ್. ಆದರೆ ಇದು ಆ ಬ್ಲಾಕ್ ಅಲ್ಲ. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡರೆ ಹಾರ್ಟ್ ಅಟ್ಯಾಕ್ ಆಗುತ್ತದೆ. ಇಲ್ಲಿ ಕಿರಿದಾಗಿರುವುದು ತೋಳಿನ ರಕ್ತವನ್ನು ಹೃದಯಕ್ಕೆ ವಾಪಸ್ ತರುವ ನಾಳ, ಅಂದರೆ ಅಭಿಧಮನಿ. ಹೆಚ್ಚಿನವರಿಗೆ ಇದರಿಂದ ಯಾವ ತೊಂದರೆಯೂ ಗೊತ್ತಾಗುವುದಿಲ್ಲ. ಹಾಗಂತ ಮರೆತುಬಿಡುವ ವಿಷಯವೂ ಅಲ್ಲ. ಮುಂದೆ ಹೊಸ ವೈರ್ ಹಾಕಬೇಕಾದಾಗ ಇದೇ ದೊಡ್ಡ ಪ್ರಶ್ನೆಯಾಗಬಹುದು.

ಮೊದಲು ವೈರ್ ಹೋಗುವ ದಾರಿ ನೋಡೋಣ. ಪೇಸ್‌ಮೇಕರ್ ಪೆಟ್ಟಿಗೆ ಇರುವುದು ಕಾಲರ್ ಮೂಳೆಯ ಕೆಳಗೆ, ಚರ್ಮದ ಅಡಿಯಲ್ಲಿ. ಅದರಿಂದ ಹೊರಟ ಒಂದು, ಎರಡು ಅಥವಾ ಮೂರು ವೈರುಗಳು ಭುಜದ ಹತ್ತಿರ ಅಭಿಧಮನಿಯೊಳಗೆ ನುಗ್ಗುತ್ತವೆ. ವೈದ್ಯರು ಇವನ್ನು ಲೀಡ್ ಅನ್ನುತ್ತಾರೆ. ಕಾಲರ್ ಮೂಳೆ ಮತ್ತು ಮೊದಲ ಪಕ್ಕೆಲುಬಿನ ನಡುವಿನ ಸಂದಿಯಲ್ಲಿ ಸಾಗಿ, ಎದೆಯ ನಡುಭಾಗದ ದೊಡ್ಡ ನಾಳ ಸೇರಿ, ಅಲ್ಲಿಂದ ಕೆಳಗಿಳಿದು ಹೃದಯದ ಬಲಭಾಗ ತಲುಪುತ್ತವೆ. ಲೀಡಿನ ದಪ್ಪವನ್ನು 'ಫ್ರೆಂಚ್' ಎಂಬ ಅಳತೆಯಲ್ಲಿ ಹೇಳುತ್ತಾರೆ. 3 ಫ್ರೆಂಚ್ ಅಂದರೆ 1 ಮಿಲಿಮೀಟರ್. ಸಾಮಾನ್ಯ ಪೇಸ್‌ಮೇಕರ್ ಲೀಡ್ ಸುಮಾರು 2 ಮಿಲಿಮೀಟರ್ ದಪ್ಪ. ಅಪಾಯದ ಬಡಿತ ಶುರುವಾದಾಗ ಶಾಕ್ ಕೊಡುವ ಐಸಿಡಿಯ ಲೀಡ್ ಇನ್ನೂ ಸ್ವಲ್ಪ ದಪ್ಪ.

ನಾಳದ ಒಳಗೋಡೆ ಬಹಳ ನಯ. ಆ ನಯವಾದ ಪದರ ಇರುವುದರಿಂದಲೇ ರಕ್ತ ಹೆಪ್ಪುಗಟ್ಟದೆ ಹರಿಯುತ್ತದೆ. ಲೀಡ್ ತೂರಿಸುವಾಗ ಅಲ್ಲಲ್ಲಿ ಅದು ತರಚುತ್ತದೆ. ಆಮೇಲೂ ಲೀಡ್ ಸುಮ್ನೆ ಇರುವುದಿಲ್ಲ. ಪ್ರತಿ ಬಡಿತಕ್ಕೂ, ಪ್ರತಿ ಉಸಿರಿಗೂ ಒಂಚೂರು ಅಲುಗುತ್ತದೆ, ಗೋಡೆಗೆ ಉಜ್ಜುತ್ತದೆ. ಜೊತೆಗೆ ರಕ್ತದ ಹರಿವೂ ಸ್ವಲ್ಪ ನಿಧಾನವಾಗುತ್ತದೆ. ತರಚಿದ ಜಾಗದಲ್ಲಿ ಸಣ್ಣ ಹೆಪ್ಪು ಕಟ್ಟಿ, ದಿನ ಕಳೆದಂತೆ ಅದು ಗಟ್ಟಿ ನಾರಿನಂಥ ಅಂಗಾಂಶವಾಗುತ್ತದೆ. ಗಾಯ ಮಾಗಿದಾಗ ಚರ್ಮದ ಮೇಲೆ ಕಲೆ ಉಳಿಯುತ್ತದಲ್ಲ, ಹಾಗೆಯೇ. ಈ ಅಂಗಾಂಶ ಲೀಡಿಗೆ ಕವಚದ ಹಾಗೆ ಸುತ್ತಿಕೊಂಡು ಅದನ್ನು ಗೋಡೆಗೆ ಅಂಟಿಸಿಬಿಡುತ್ತದೆ. ನಾಳದ ಒಳಜಾಗ ಕಡಿಮೆಯಾಗುತ್ತಾ ಬರುತ್ತದೆ. ಇದೇ ಸ್ಟೆನೋಸಿಸ್. ಪೂರ್ತಿ ಮುಚ್ಚಿಹೋದರೆ ಅದಕ್ಕೆ ಅಕ್ಲೂಷನ್ ಅನ್ನುತ್ತಾರೆ.

ಲೀಡ್ ಇರುವವರಲ್ಲಿ ಒಂದಷ್ಟು ಮಟ್ಟಿಗೆ ಕಿರಿದಾಗುವುದು ಅಪರೂಪವೇನಲ್ಲ. ನಾಳಕ್ಕೆ ಡೈ, ಅಂದರೆ ಎಕ್ಸ್‌ರೇಯಲ್ಲಿ ಕಾಣುವ ದ್ರವ, ಹಾಕಿ ಪರೀಕ್ಷಿಸಿದ ಅಧ್ಯಯನಗಳಲ್ಲಿ ಸುಮಾರು ಮೂರನೇ ಒಂದು ಭಾಗ ಅಥವಾ ಅದಕ್ಕಿಂತ ಜಾಸ್ತಿ ಜನರಲ್ಲಿ ಕಂಡುಬಂದಿದೆ. ತೊಂದರೆ ಅನುಭವಿಸುವವರು ಮಾತ್ರ ಬೆರಳೆಣಿಕೆಯಷ್ಟು. ಕಾರಣ ನಮ್ಮ ಮೈಯ ಒಂದು ಒಳ್ಳೆಯ ಗುಣ. ಮುಖ್ಯ ದಾರಿ ನಿಧಾನವಾಗಿ ಮುಚ್ಚುತ್ತಾ ಬಂದರೆ ಭುಜ, ಕತ್ತು, ಎದೆಯ ಸುತ್ತಲಿನ ಸಣ್ಣ ನಾಳಗಳು ತಾವೇ ಹಿಗ್ಗಿ ರಕ್ತವನ್ನು ಸಾಗಿಸತೊಡಗುತ್ತವೆ. ಇವನ್ನು ಕೊಲ್ಯಾಟರಲ್ ಅನ್ನುತ್ತಾರೆ. ಇವು ಹಿಗ್ಗಲು ಸಮಯ ಬೇಕು. ಹಾಗಾಗಿ ವರ್ಷಗಟ್ಟಲೆ ನಿಧಾನವಾಗಿ ಮುಚ್ಚಿದ ನಾಳ ಸದ್ದಿಲ್ಲದೆ ಇರುತ್ತದೆ. ಆಪರೇಷನ್ ಆದ ಕೆಲವೇ ವಾರದಲ್ಲಿ ದಿಢೀರನೆ ಹೆಪ್ಪುಗಟ್ಟಿದ ನಾಳವಾದರೆ ತೋಳು ಊದಿಸುತ್ತದೆ.

ವೆನೋಗ್ರಾಮ್ ನೋಡಿದರೆ ಇದೆಲ್ಲ ಕಣ್ಣಿಗೇ ಕಾಣುತ್ತದೆ. ಪೇಸ್‌ಮೇಕರ್ ಇರುವ ಕಡೆಯ ಕೈಗೆ ಸೂಜಿ ಹಾಕಿ ಡೈ ಬಿಡುತ್ತಾರೆ. ಪರದೆಯ ಮೇಲೆ ಒಂದು ಕಪ್ಪು ಗೆರೆ ತೋಳಿನಗುಂಟ ಮೇಲೇರುತ್ತದೆ. ನಾಳ ಸರಿಯಿದ್ದರೆ ಅದೇ ದಪ್ಪದಲ್ಲಿ ನೇರ ಎದೆಯ ನಡುವಿಗೆ ಹೋಗುತ್ತದೆ. ಕಿರಿದಾಗಿದ್ದರೆ ಕಾಲರ್ ಮೂಳೆಯ ಹತ್ತಿರ ಎಳೆಯಷ್ಟು ಸಣ್ಣಗಾಗುತ್ತದೆ. ಪೂರ್ತಿ ಮುಚ್ಚಿದ್ದರೆ ಗೆರೆ ಅಲ್ಲೇ ನಿಲ್ಲುತ್ತದೆ. ಸ್ವಲ್ಪ ಹೊತ್ತಿನಲ್ಲಿ ಅದರ ಹಿಂದಿನಿಂದ ಅಂಕುಡೊಂಕಾದ ಹತ್ತಾರು ಸಣ್ಣ ಗೆರೆಗಳು ಕತ್ತಿನ ಕಡೆಗೆ, ಭುಜದ ಸುತ್ತ ಹರಡಿ, ಆಚೆಗೆ ಹೋಗಿ ಮತ್ತೆ ಮುಖ್ಯ ನಾಳ ಸೇರುತ್ತವೆ. ಅವೇ ಕೊಲ್ಯಾಟರಲ್‌ಗಳು. ಡಾಪ್ಲರ್ ಸ್ಕ್ಯಾನ್ ಸಲೀಸು, ಸೂಜಿ ಬೇಡ, ಡೈ ಬೇಡ. ಆದರೆ ಕಾಲರ್ ಮೂಳೆ ಮತ್ತು ಎದೆಗೂಡಿನ ಹಿಂದಿರುವ ಭಾಗ ಅದಕ್ಕೆ ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಡಾಪ್ಲರ್ ನಾರ್ಮಲ್ ಬಂದರೂ ಅನುಮಾನ ಉಳಿದರೆ ಸಿಟಿ ಅಥವಾ ವೆನೋಗ್ರಾಮ್ ಮಾಡಿಸುತ್ತಾರೆ.

ಮನೆಯಲ್ಲೇ ಗಮನಿಸಬಹುದಾದ ಲಕ್ಷಣಗಳೂ ಇವೆ. ಪೇಸ್‌ಮೇಕರ್ ಇರುವ ಕಡೆಯ ಕೈ ಇನ್ನೊಂದಕ್ಕಿಂತ ದಪ್ಪ ಕಾಣುವುದು. ಉಂಗುರ, ಬಳೆ, ತೋಳಿನ ಬಟ್ಟೆ ಒಂದೇ ಕಡೆ ಬಿಗಿಯಾಗುವುದು. ಕೈ ಭಾರ ಅನ್ನಿಸುವುದು, ನೀಲಿ ಛಾಯೆ ಬರುವುದು. ಎದೆಯ ಮೇಲ್ಭಾಗದಲ್ಲಿ, ಭುಜದ ಮೇಲೆ ಮೊದಲಿಲ್ಲದ ನೀಲಿ ನರಗಳು ಎದ್ದು ಕಾಣುವುದು. ಇನ್ನೂ ಕೆಳಗೆ, ಎರಡೂ ಕಡೆಯ ರಕ್ತ ಸೇರುವ ದೊಡ್ಡ ನಾಳವೇ ಕಟ್ಟಿಕೊಂಡರೆ ಮುಖ, ಕತ್ತು ಊದುತ್ತವೆ. ಬಗ್ಗಿದಾಗ, ಮಲಗಿದಾಗ ಜಾಸ್ತಿಯಾಗುತ್ತದೆ. ಇದು ತೀರಾ ಅಪರೂಪ. ಆದರೆ ಕಂಡರೆ ಮುಂದಿನ ಚೆಕಪ್‌ವರೆಗೆ ಕಾಯಬಾರದು, ಆವತ್ತೇ ಆಸ್ಪತ್ರೆಗೆ ಹೋಗಬೇಕು. ಕೈ ದಿಢೀರನೆ ಊದಿದರೂ ಅಷ್ಟೆ.

ಯಾರಿಗೆ ಆಗುತ್ತದೆ ಅಂತ ಮೊದಲೇ ಹೇಳುವುದು ಕಷ್ಟ. ಒಂದೇ ನಾಳದಲ್ಲಿ ಲೀಡುಗಳ ಸಂಖ್ಯೆ ಜಾಸ್ತಿಯಾದಷ್ಟೂ, ಸೋಂಕು ಆಗಿದ್ದರೆ, ಮತ್ತೆ ಮತ್ತೆ ಆಪರೇಷನ್ ಆಗಿದ್ದರೆ ಸಂಭವ ಹೆಚ್ಚು ಅನ್ನುತ್ತಾರೆ. ಇನ್ನು ಕೈ ಆಡಿಸಿದ್ದಕ್ಕೇ ನಾಳ ಕಿರಿದಾಯಿತು ಅನ್ನುವ ಹೆದರಿಕೆ ಬೇಡ. ಮೊದಲ ಕೆಲವು ವಾರ ಕೈಯನ್ನು ಭುಜಕ್ಕಿಂತ ಮೇಲೆತ್ತಬೇಡಿ ಅನ್ನುವುದು ಲೀಡ್ ಜಾಗ ಬಿಟ್ಟು ಸರಿಯದಿರಲಿ ಅಂತ. ತಿಂಗಳುಗಟ್ಟಲೆ ಕೈ ಕಟ್ಟಿಕೊಂಡು ಕೂತರೆ ಭುಜ ಹಿಡಿದುಕೊಳ್ಳುತ್ತದೆ, ಅದೊಂದು ಬೇರೆ ಕಾಟ.

ಬ್ಯಾಟರಿ ಮುಗಿದು ಪೆಟ್ಟಿಗೆ ಬದಲಿಸುವಾಗ ಸ್ಟೆನೋಸಿಸ್ ಅಡ್ಡಿಯಾಗುವುದಿಲ್ಲ. ಹಳೇ ಲೀಡಿಗೇ ಹೊಸ ಪೆಟ್ಟಿಗೆ ಜೋಡಿಸುತ್ತಾರೆ, ಅಷ್ಟೇ. ಲೀಡ್ ಕೆಟ್ಟಾಗ, ಅಥವಾ ಮಾಮೂಲಿ ಪೇಸ್‌ಮೇಕರ್ ಇದ್ದವರಿಗೆ ಐಸಿಡಿ ಅಥವಾ ಹೃದಯದ ಎರಡೂ ಬದಿಯನ್ನು ಒಟ್ಟಿಗೆ ಬಡಿಸುವ ಸಿಆರ್‌ಟಿ ಬೇಕಾದಾಗ ನಿಜವಾದ ತಲೆನೋವು ಶುರು. ಹೊಸ ಲೀಡ್ ಹೋಗಲು ಜಾಗ ಬೇಕಲ್ವಾ? ಅದಕ್ಕೇ ಇಂಥ ಆಪರೇಷನ್ನಿಗೆ ಮೊದಲೇ ವೆನೋಗ್ರಾಮ್ ಮಾಡಿ ನೋಡುವುದು ಒಳ್ಳೆಯದು. ಚರ್ಮ ಕೊಯ್ದ ಮೇಲೆ ದಾರಿ ಹುಡುಕುವುದಕ್ಕಿಂತ ಮೊದಲೇ ಗೊತ್ತಿರುವುದು ವಾಸಿ.

ದಾರಿ ಪೂರ್ತಿ ಮುಚ್ಚಿಲ್ಲದಿದ್ದರೆ ಸಣ್ಣ ತಂತಿ ತೂರಿಸಿ ಬಲೂನಿನಿಂದ ನಾಳವನ್ನು ಹಿಗ್ಗಿಸಿ ಲೀಡ್ ಹಾಕಬಹುದು. ಮುಚ್ಚಿದ್ದರೆ ಕೆಲವೊಮ್ಮೆ ಹಳೇ ಲೀಡನ್ನೇ ಹೊರತೆಗೆಯುತ್ತಾರೆ. ಲೇಸರ್ ಅಥವಾ ತಿರುಗುವ ಅಲಗಿನ ಕೊಳವೆಯನ್ನು ಲೀಡಿನ ಮೇಲೆ ಜಾರಿಸಿ, ಅಂಟಿಕೊಂಡ ಅಂಗಾಂಶ ಬಿಡಿಸುತ್ತಾ ಹೋಗುತ್ತಾರೆ. ಆಗ ಉಳಿಯುವ ಸುರಂಗದಲ್ಲೇ ಹೊಸ ಲೀಡ್ ಹೋಗುತ್ತದೆ. ಉಪಾಯ ಚೆನ್ನಾಗಿದೆ, ಆದರೆ ಲೀಡ್ ಹಳೆಯದಾದಷ್ಟೂ ನಾಳ ಅಥವಾ ಹೃದಯ ಹರಿಯುವ ಅಪಾಯ ಇದೆ. ಎದೆ ತೆರೆಯುವ ಸರ್ಜನ್ ತಂಡ ಸಿದ್ಧವಾಗಿರುವ ಕಡೆ ಮಾತ್ರ ಮಾಡಬೇಕಾದ ಕೆಲಸ. ಮುಂದೆಂದೋ ಲೀಡ್ ತೆಗೆಯಬೇಕಾಗಬಹುದು ಅನ್ನುವುದು ನಾಳವನ್ನು ತೆರೆದಿಡಲು ಒಳಗೆ ಕೂರಿಸುವ ಜಾಲರಿ ಕೊಳವೆ, ಅಂದರೆ ಸ್ಟೆಂಟಿನ ವಿಷಯದಲ್ಲೂ ನೆನಪಿರಬೇಕು. ಲೀಡ್ ಇರುವಾಗಲೇ ಸ್ಟೆಂಟ್ ಇಟ್ಟರೆ ಆ ಲೀಡ್ ಗೋಡೆಗೂ ಸ್ಟೆಂಟಿಗೂ ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ. ಮುಂದೆ ಸೋಂಕಾದರೆ ಹೊರತೆಗೆಯುವುದು ಬಲು ಕಷ್ಟ.

ಇನ್ನೊಂದು ದಾರಿ, ಎದೆಯ ಇನ್ನೊಂದು ಬದಿಯಿಂದ ಹೊಸ ಲೀಡ್ ಹಾಕುವುದು. ಸುಲಭ ಅನ್ನಿಸಿದರೂ ಉಳಿದಿದ್ದ ಒಳ್ಳೆಯ ನಾಳವೂ ಖರ್ಚಾದಂತೆ. ಹರೆಯದ ರೋಗಿಗೆ ಮುಂದೆ ಇನ್ನೂ ಎಷ್ಟು ಲೀಡ್ ಬೇಕಾದೀತೋ! ಹೀಗಾಗಿ ವಯಸ್ಸು ಚಿಕ್ಕದಿದ್ದಷ್ಟೂ ಮೊದಲ ಆಪರೇಷನ್ನಿನಲ್ಲೇ ಬೇಡದ ಲೀಡ್ ಹಾಕದಿರಬೇಕು ಅನ್ನುವುದು ನನಗೆ ಸರಿ ಅನ್ನಿಸುತ್ತದೆ.

ನಾಳವನ್ನೇ ಬಿಟ್ಟುಬಿಡುವ ದಾರಿಯೂ ಉಂಟು. 1958ರಲ್ಲಿ ಸ್ಟಾಕ್‌ಹೋಮಿನಲ್ಲಿ ಮೊದಲ ಪೇಸ್‌ಮೇಕರನ್ನು ಮೈಯೊಳಗೆ ಇಟ್ಟಾಗ ಎದೆ ತೆರೆದು ಹೃದಯದ ಹೊರಮೈಗೇ ವೈರ್ ಹೊಲಿದಿದ್ದರು. ಬೇರೆ ದಾರಿಯಿಲ್ಲದವರಿಗೆ ಇಂದಿಗೂ ಹಾಗೆ ಮಾಡುವುದುಂಟು. ವೈರೇ ಇಲ್ಲದ ಪೇಸ್‌ಮೇಕರ್ ಕೂಡ ಬಂದಿದೆ. ದೊಡ್ಡ ಕ್ಯಾಪ್ಸೂಲಿನಷ್ಟಿರುವ ಇದನ್ನು ತೊಡೆಸಂದಿಯ ನಾಳದ ಮೂಲಕ ಒಯ್ದು ಹೃದಯದೊಳಗೇ ಕೂರಿಸುತ್ತಾರೆ. ಇಂಥದ್ದೊಂದಕ್ಕೆ ಅಮೆರಿಕದಲ್ಲಿ ಮೊದಲ ಅನುಮತಿ ಸಿಕ್ಕಿದ್ದು 2016ರಲ್ಲಿ. ಶಾಕ್ ಮಾತ್ರ ಸಾಕಾದವರಿಗೆ ಚರ್ಮದಡಿಯಲ್ಲೇ ವೈರ್ ಸಾಗುವ ಐಸಿಡಿ ಇದೆ. ಆದರೆ ಸದಾ ನಿಧಾನವಾಗಿ ಬಡಿಯುವ ಹೃದಯವನ್ನು ಅದೊಂದೇ ನಡೆಸಲಾರದು.

ಕಿಡ್ನಿ ಕಾಯಿಲೆ ಇರುವವರು ಒಂದು ಮಾತು ಗಮನಿಸಬೇಕು. ಡಯಾಲಿಸಿಸ್‌ಗೆ ಕೈಯಲ್ಲಿ ಫಿಸ್ಟುಲಾ, ಅಂದರೆ ಅಪಧಮನಿಗೂ ಅಭಿಧಮನಿಗೂ ನೇರ ಜೋಡಣೆ, ಮಾಡಿದಾಗ ಆ ಕೈಯ ನಾಳದಲ್ಲಿ ಹರಿಯುವ ರಕ್ತ ಹಲವು ಪಟ್ಟು ಹೆಚ್ಚುತ್ತದೆ. ಅಲ್ಲಿಯವರೆಗೆ ಸುಮ್ಮನಿದ್ದ ಸ್ಟೆನೋಸಿಸ್ ಆಗ ಬಯಲಾಗಿ ತೋಳು ಊದಿಕೊಳ್ಳುತ್ತದೆ. ಆದ್ದರಿಂದ ಪೇಸ್‌ಮೇಕರ್ ಒಂದು ಕಡೆ, ಫಿಸ್ಟುಲಾ ಇನ್ನೊಂದು ಕಡೆ ಇರುವಂತೆ ನೋಡಿಕೊಳ್ಳುತ್ತಾರೆ. ಡಯಾಲಿಸಿಸ್ ಬೇಕಾಗುವ ಸಾಧ್ಯತೆ ಇದ್ದರೆ ಅದನ್ನು ಪೇಸ್‌ಮೇಕರ್ ಹಾಕುವ ಮೊದಲೇ ಹೃದಯದ ವೈದ್ಯರಿಗೆ ತಿಳಿಸಬೇಕು. ಕೈಗೆ ಬಹಳ ದಿನ ಇಡುವ ಡ್ರಿಪ್ ಲೈನ್ ಹಾಕುವಾಗಲೂ ಪೇಸ್‌ಮೇಕರ್ ಯಾವ ಕಡೆ ಇದೆ ಅಂತ ನರ್ಸಿಗೆ ಹೇಳಿ, ಆಚೆ ಕೈಗೆ ಹಾಕಲು ಆಗುತ್ತದಾ ಅಂತ ಕೇಳಿ.