‘ನಮ್ ಸಿಸ್ಟಮ್ಮಲ್ಲಿ ಸರಿಯಾಗೇ ಬತ್ತದಲ್ಲಾ ಸಾರ್’

ಮಂಡ್ಯದ ಬೆಲ್ಲದ ವರ್ತಕರಿರಲಿ, ಮೈಸೂರಿನ ಸೀರೆ ಅಂಗಡಿಯವರಿರಲಿ, ವೆಬ್‌ಸೈಟ್ ಕೆಟ್ಟಿದೆ ಅಂತ ಬಂದವರ ಮೊದಲ ಮಾತು ಇದೇ. ಅವರ ಸಿಸ್ಟಮ್ಮಲ್ಲಿ ಬರಲೇಬೇಕು. ಚಿತ್ರ ಅಲ್ಲೇ ಇದೆ, ಫಾಂಟೂ ಅಲ್ಲೇ ಇದೆ. ಸೈಟ್ ಸರಿಯಾಗಿದೆ ಅನ್ನುವುದಕ್ಕೆ ಅದು ಸಾಕ್ಷಿ ಆಗುವುದಿಲ್ಲ.

ಮದುವೆ ಕಾರ್ಡು, ದಸರಾ ಬ್ಯಾನರು ಮಾಡುವ ಡಿಟಿಪಿ ಅಂಗಡಿಯವರು ಮೈಕ್ರೋಸಾಫ್ಟ್ ಪಬ್ಲಿಷರ್ ಎಂಬ ಪುಟವಿನ್ಯಾಸದ ತಂತ್ರಾಂಶದ 2003, 2007ರ ಆವೃತ್ತಿಗಳಲ್ಲೇ ವೆಬ್‌ಸೈಟಿನ ಪುಟವನ್ನೂ ಕಟ್ಟುತ್ತಾರೆ. ಕಟ್ಟುವ ಕೈ ಚೆನ್ನಾಗಿಯೇ ಇರುತ್ತದೆ. ಎಡವುವುದು ಸರ್ವರಿಗೆ, ಅಂದರೆ ಸೈಟನ್ನು ಎಲ್ಲರಿಗೂ ತೋರಿಸುವ ಕಂಪ್ಯೂಟರಿಗೆ, ಏರಿಸುವಾಗ.

ಪಬ್ಲಿಷರ್‌ನಲ್ಲಿ ‘ಪಬ್ಲಿಷ್ ಟು ದಿ ವೆಬ್’ ಒತ್ತಿದರೆ ಮಾಮೂಲಿಯಾಗಿ ಹುಟ್ಟುವುದು ಎರಡು: ಇಂಡೆಕ್ಸ್ ಡಾಟ್ ಎಚ್‌ಟಿಎಂ ಎಂಬ ಫೈಲು, ಇಂಡೆಕ್ಸ್ ಅಂಡರ್‌ಸ್ಕೋರ್ ಫೈಲ್ಸ್ ಎಂಬ ಫೋಲ್ಡರು. ಮುಖಪುಟದ ಬರಹ ಮಾತ್ರ ಮೊದಲಿನದರಲ್ಲಿ. ಚಿತ್ರಗಳು, ಮಿಕ್ಕ ಪುಟಗಳು ಎಲ್ಲವೂ ಫೋಲ್ಡರಿನೊಳಗೆ. ಜನ ಫೈಲೊಂದನ್ನೇ ಏರಿಸಿ ‘ಹಾಕಿದ್ದೀನಿ’ ಅನ್ನುತ್ತಾರೆ. ಇದು ಸೋಮಾರಿತನ ಅಲ್ಲ, ವಿಂಡೋಸ್ ಮಾಡಿಸಿದ ರೂಢಿ. ಈ ಎರಡರ ಹೆಸರು ಹೊಂದಿಕೊಂಡಿರುವುದರಿಂದ ವಿಂಡೋಸ್ ಇವನ್ನು ಜೋಡಿ ಎಂದೇ ಎಣಿಸುತ್ತದೆ. ಫೈಲನ್ನು ಬೇರೆ ಕಡೆಗೆ ಸರಿಸಿದರೆ ಫೋಲ್ಡರೂ ಹಿಂದೆಯೇ ಹೋಗುತ್ತದೆ. ಸರ್ವರಿಗೆ ಫೈಲು ಏರಿಸುವ ಫೈಲ್‌ಜಿಲ್ಲಾದಂಥ ತಂತ್ರಾಂಶಕ್ಕೆ, ಇಮೇಲಿಗೆ ಆ ನಂಟು ಗೊತ್ತಿಲ್ಲ. ಎಷ್ಟು ಆರಿಸಿದಿರೋ ಅಷ್ಟೇ ಹೋಗುತ್ತದೆ.

ಆದ್ದರಿಂದ ಎರಡನ್ನೂ ಒಟ್ಟಿಗೆ ಆರಿಸಿ, ಸರ್ವರಿನ ‘ಪಬ್ಲಿಕ್ ಎಚ್‌ಟಿಎಂಎಲ್’ ಫೋಲ್ಡರಿಗೆ ಹಾಕಿ. (ಹೋಸ್ಟಿಂಗ್ ಅಂದರೆ ಸರ್ವರಿನ ಜಾಗ ಬಾಡಿಗೆಗೆ ಪಡೆಯುವುದು. ಕೆಲವು ಹೋಸ್ಟಿಂಗಿನಲ್ಲಿ ಹೆಸರು ಬೇರೆ ಇರಬಹುದು, ಕೇಳಿಕೊಳ್ಳಿ.) ಫೋಲ್ಡರಿನ ಹೆಸರು ‘ಫೋಟೋಸ್’ ಅಂತ ಬದಲಿಸಬೇಡಿ, ಒಳಗಿರುವುದನ್ನು ಹೊರಗೆ ಸುರಿಯಲೂ ಬೇಡಿ. ಪುಟದೊಳಗಿನ ಪ್ರತಿ ವಿಳಾಸವೂ ಆ ಹೆಸರನ್ನೇ ಹುಡುಕುತ್ತದೆ. ಬೆಲ್ಲದ ದರ ಬದಲಾಗಿದೆಯೇ? ಪಬ್ಲಿಷರ್‌ನಲ್ಲೇ ತಿದ್ದಿ, ಮತ್ತೆ ಪಬ್ಲಿಷ್ ಮಾಡಿ, ಎರಡನ್ನೂ ಪೂರ್ತಿ ಏರಿಸಿ. ಚಿತ್ರಗಳ ಕ್ರಮಸಂಖ್ಯೆ ಪ್ರತಿ ಸಲ ಬದಲಾಗಬಹುದು. ಮುಖಪುಟ ಮಾತ್ರ ಹೊಸದಾದರೆ ಅಚ್ಚಿನ ಬೆಲ್ಲದ ಜಾಗದಲ್ಲಿ ಉಂಡೆ ಬೆಲ್ಲ ಬಂದು ಕೂರುತ್ತದೆ.

ಎರಡೂ ಏರಿಸಿದ ಮೇಲೂ ಚಿತ್ರ ಬರದಿದ್ದರೆ, ಆ ಖಾಲಿ ಚೌಕದ ಮೇಲೆ ಬಲಗುಂಡಿ ಒತ್ತಿ ಹೊಸ ಟ್ಯಾಬಿನಲ್ಲಿ ತೆರೆಯಿರಿ. 404 ಬಂದರೆ ಆ ಹೆಸರಿನ ಫೈಲು ಅಲ್ಲಿಲ್ಲ, ಹೆಸರಿನ ಅಕ್ಷರಗಳನ್ನು ಹೋಲಿಸಿ ನೋಡಿ. ಲಿನಕ್ಸ್ ಸರ್ವರಿಗೆ ಇಂಗ್ಲಿಷಿನ ದೊಡ್ಡಕ್ಷರ ಬೇರೆ, ಸಣ್ಣಕ್ಷರ ಬೇರೆ. ವಿಂಡೋಸಿಗೆ ಸಾಮಾನ್ಯವಾಗಿ ಎರಡೂ ಒಂದೇ. 403 ಬಂದರೆ ಅದನ್ನು ತೆರೆಯಲು ಸರ್ವರಿನ ಅನುಮತಿಯಿಲ್ಲ ಎಂದರ್ಥ. ಅನುಮತಿಯ ಸಂಖ್ಯೆ ನೋಡಿ, ಫೈಲಿಗೆ 644, ಫೋಲ್ಡರಿಗೆ 755 ಇರಬೇಕು. ಲಿಂಕಿನ ವಿಳಾಸದಲ್ಲಿ ಸಿ ಡ್ರೈವ್ ಕಂಡರೆ ಅದು ನಿಮ್ಮ ಮೇಜಿನ ಮೇಲಿನ ಕಂಪ್ಯೂಟರಿನ ವಿಳಾಸ, ಬೇರೆ ಯಾರಿಗೂ ತೆರೆಯುವುದಿಲ್ಲ. ಸೈಟಿನ ಬದಲು ಹೋಸ್ಟಿಂಗ್‌ನವರ ಸ್ವಾಗತ ಪುಟವೇ ಕಂಡರೆ, ಅವರು ಮೊದಲೇ ಇಟ್ಟ ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್ ನಿಮ್ಮದಕ್ಕಿಂತ ಮುಂಚೆ ತೆರೆದುಕೊಳ್ಳುತ್ತಿರಬಹುದು. ಅದರ ಹೆಸರು ಬದಲಿಸಿ, ಕಂಟ್ರೋಲ್ ಎಫ್5 ಒತ್ತಿ ನೋಡಿ.

ಇನ್ನು ಕನ್ನಡ. ಹಳೆಯ ನುಡಿ ಫಾಂಟಿನಲ್ಲಿ ಟೈಪು ಮಾಡಿದ ‘ಕನ್ನಡ’ ಎಂಬ ಪದ ಕಂಪ್ಯೂಟರಿನ ಲೆಕ್ಕದಲ್ಲಿ ಕನ್ನಡವೇ ಅಲ್ಲ. ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆಯಿರುವ ಎ, ಪೌಂಡಿನ ಗುರುತು, ಹೀಗೆ ಸಾಗುವ ಸಾಲು. ಫಾಂಟು ಅದಕ್ಕೆ ಕನ್ನಡದ ರೂಪ ತೊಡಿಸಿರುತ್ತದೆ. ಅಚ್ಚಿಗೆ ಇಷ್ಟು ಸಾಕು, ಯಾಕೆಂದರೆ ಕಾಗದಕ್ಕೆ ಇಳಿಯುವುದು ಆಕಾರ. ವೆಬ್ಬಿನಲ್ಲಿ ಹೋಗುವುದು ಸಂಕೇತ. ಆ ಫಾಂಟಿಲ್ಲದ ಗಿರಾಕಿಯ ಫೋನಿನಲ್ಲಿ ಪಿ, ಪೌಂಡುಗಳೇ ಕಾಣುತ್ತವೆ, ಗೂಗಲ್ಲಿಗೂ ಅಷ್ಟೇ. ಪಠ್ಯವನ್ನು ಪರಿವರ್ತಕ ತಂತ್ರಾಂಶದಲ್ಲಿ ಯೂನಿಕೋಡಿಗೆ, ಅಂದರೆ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುವ ಪದ್ಧತಿಗೆ, ತಿರುಗಿಸಿ, ತುಂಗಾ ಅಥವಾ ನಿರ್ಮಲಾ ಯುಐ ಫಾಂಟು ಕೊಡಿ. ಆಮೇಲೆ ಅರ್ಕಾವತ್ತು, ಒತ್ತಕ್ಷರ, ಅಂಕಿಗಳನ್ನು ಕಣ್ಣಿಟ್ಟು ಓದಿ. ಪರಿವರ್ತಕಗಳು ಹೆಚ್ಚಾಗಿ ತಪ್ಪುವುದು ಅಲ್ಲೇ.

ಅಕ್ಷರ ಕೆಡಬಾರದೆಂದು ಎಲ್ಲವನ್ನೂ ಚಿತ್ರ ಮಾಡಿಬಿಡುವವರಿದ್ದಾರೆ. ದಯವಿಟ್ಟು ಬೇಡ. ಊರಾಚೆಯ ಗಿರಾಕಿ ಫೋನ್ ನಂಬರನ್ನು ಮುಟ್ಟಿ ಕರೆ ಮಾಡುವ ಹಾಗೂ ಇರುವುದಿಲ್ಲ. ಪಠ್ಯದ ಚೌಕಟ್ಟು ಚಿತ್ರದ ಮೇಲೆ ಹತ್ತಿದ್ದರೂ ಪಬ್ಲಿಷರ್ ತಾನಾಗಿಯೇ ಅದನ್ನು ಚಿತ್ರವಾಗಿಸಬಹುದು. ನಡುವೆ ಸ್ವಲ್ಪ ಜಾಗ ಬಿಡಿ.

ಪರೀಕ್ಷೆ ಮಾಡುವುದಾದರೆ ಸೈಟು ಕಟ್ಟಿದ ಕಂಪ್ಯೂಟರಿನಲ್ಲಿ ಬೇಡ. ಮನೆಯವರ ಯಾರದಾದರೂ ಫೋನು ತೆಗೆದುಕೊಂಡು, ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಪೂರ್ತಿ ವಿಳಾಸ ಟೈಪು ಮಾಡಿ, ಒಂದೊಂದು ಪುಟವನ್ನೂ ತೆರೆಯಿರಿ.

ಮಾಲೀಕರಿಗೆ ಇನ್ನೊಂದು ಮಾತು. ಪಬ್ಲಿಷರ್ 2010ರಿಂದಲೇ ಹೊಸ ವೆಬ್‌ಸೈಟ್ ಶುರುಮಾಡುವ ಅನುಕೂಲ ತೆಗೆದಿದ್ದಾರೆ, ಹಳೆಯದನ್ನು ತಿದ್ದಬಹುದಷ್ಟೇ. ಪಬ್ಲಿಷರ್‌ಗೆ ಬೆಂಬಲವನ್ನು 2026ರ ಅಕ್ಟೋಬರಿಗೆ ನಿಲ್ಲಿಸುವುದಾಗಿಯೂ ಮೈಕ್ರೋಸಾಫ್ಟ್ ಹೇಳಿದೆ. ಅಷ್ಟರೊಳಗೆ ಡಿಟಿಪಿ ಅಂಗಡಿಗೆ ಹೋಗಿ ನಿಮ್ಮ ಸೈಟಿನ ಡಾಟ್ ಪಬ್ ಫೈಲು (ಪಬ್ಲಿಷರ್‌ನಲ್ಲಿ ತಿದ್ದುವ ಮೂಲ ಫೈಲು), ಮೂಲ ಫೋಟೋಗಳು, ಹೋಸ್ಟಿಂಗಿನ ಪಾಸ್‌ವರ್ಡು, ಮೂರನ್ನೂ ಕೇಳಿ ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಿ.