ಗದ್ದೆ ತಿದ್ದುವ ಸ್ವಭಾವ

ರೈಲು, ಬಸ್ಸು, ಹಳಿ. ಈ ಮೂರರಲ್ಲಿ ಯಾವ ಎರಡನ್ನು ಜೊತೆಗಿಡುತ್ತೀರಿ? ಎರಡೂ ವಾಹನ ಎಂದು ರೈಲು, ಬಸ್ಸನ್ನು ಆರಿಸುವವರುಂಟು. ಹಳಿಯಿಲ್ಲದೆ ರೈಲು ಓಡದು ಎಂದು ಅವೆರಡನ್ನು ಕೂಡಿಸುವವರೂ ಉಂಟು. ಮನಃಶಾಸ್ತ್ರಜ್ಞ ಥಾಮಸ್ ಟಾಲ್‌ಹೆಲ್ಮ್ ಮತ್ತು ಸಂಗಡಿಗರು ಚೀನಾದಲ್ಲಿ ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಇಂಥ ಪ್ರಶ್ನೆಗಳನ್ನು ಕೇಳಿದರು. 2014ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಫಲಿತಾಂಶ ಕುತೂಹಲಕರವಾಗಿತ್ತು. ಯಾಂಗ್ಟ್ಸೆ ನದಿಯ ದಕ್ಷಿಣದ ಭತ್ತದ ಸೀಮೆಯವರು ಉತ್ತರದ ಗೋಧಿ ಸೀಮೆಯವರಿಗಿಂತ ಹೆಚ್ಚಾಗಿ ಹಳಿಯನ್ನು ಆರಿಸಿದ್ದರು. ತಮ್ಮನ್ನೂ ಗೆಳೆಯರನ್ನೂ ವೃತ್ತಗಳಾಗಿ ಬರೆಯಲು ಹೇಳಿದಾಗ ಗೋಧಿ ಸೀಮೆಯವರು ತಮ್ಮ ವೃತ್ತವನ್ನು ಸರಾಸರಿ 1.5 ಮಿಲಿಮೀಟರ್ ದೊಡ್ಡದು ಮಾಡಿದರು. ಭತ್ತದ ಸೀಮೆಯವರಲ್ಲಿ ಆ ಉಬ್ಬು ಇರಲಿಲ್ಲ.

ಮಲೆನಾಡು, ಕರಾವಳಿಯ ಓದುಗರಿಗೆ ಕಾರಣವನ್ನು ಬಿಡಿಸಿ ಹೇಳಬೇಕಿಲ್ಲ. ನಾಟಿಯ ಹದ ಯಾರಿಗೂ ಕಾಯುವುದಿಲ್ಲ, ಒಂದೇ ಮನೆಯ ಕೈಗಳು ಅದಕ್ಕೆ ಸಾಲವು. ಇಂದು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮದಕ್ಕೆ ನೀವು ಎಂಬ ಮುಯ್ಯಾಳಿನ ಲೆಕ್ಕ ಅಲ್ಲಿಯೇ ಹುಟ್ಟುತ್ತದೆ. ಮೇಲಿನ ಗದ್ದೆಯವನು ನೀರು ಕಟ್ಟಿ ನಿಲ್ಲಿಸಿದರೆ ಕೆಳಗಿನವನ ಪೈರು ಒಣಗುತ್ತದೆ. ನೆರೆಯವನೊಂದಿಗೆ ಮಾತು ಬಿಟ್ಟು ಭತ್ತ ಬೆಳೆಯುವುದು ಕಷ್ಟ. ಗೋಧಿಗೆ ಸುಮಾರು ಅರ್ಧದಷ್ಟು ದುಡಿಮೆ ಸಾಕು; ಮಳೆಯನ್ನೇ ನಂಬಿಯೂ ಬೆಳೆಯಬಹುದು.

ಆದರೆ ಉತ್ತರಕ್ಕೂ ದಕ್ಷಿಣಕ್ಕೂ ಹವೆ, ನುಡಿ, ಚರಿತ್ರೆ ಎಲ್ಲವೂ ಬೇರೆಯಲ್ಲವೇ? ಈ ಆಕ್ಷೇಪ ನ್ಯಾಯವಾದದ್ದು. ಅದಕ್ಕೆ ಸಮಾಧಾನ ಚೀನಾದ ನಿಂಗ್‌ಶಿಯಾ ಪ್ರದೇಶದಲ್ಲಿ ಸಿಕ್ಕಿತು. 1949ರ ಕ್ರಾಂತಿಯ ನಂತರ ಸರ್ಕಾರವೇ ಜನರನ್ನು ಅಲ್ಲಿನ ಎರಡು ಸರ್ಕಾರಿ ಕೃಷಿಕ್ಷೇತ್ರಗಳಿಗೆ ಹಂಚಿತ್ತು. ನಡುವಿನ ದೂರ 56 ಕಿಲೋಮೀಟರ್, ಹವೆಯೂ ಬಹುಪಾಲು ಒಂದೇ. ಒಂದರಲ್ಲಿ ಭತ್ತ, ಇನ್ನೊಂದರಲ್ಲಿ ಗೋಧಿ. ಯಾರು ಎಲ್ಲಿಗೆ ಎಂಬುದನ್ನು ಜನರು ಆರಿಸಿಕೊಂಡಿರಲಿಲ್ಲ. 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಭತ್ತದ ರೈತರಲ್ಲಿ ‘ನಾನು’ ಎಂಬ ಭಾವ ಕಡಿಮೆ ಇತ್ತು, ಸಂಬಂಧ ಹಿಡಿದು ಯೋಚಿಸುವ ರೀತಿ ಹೆಚ್ಚಿತ್ತು. ಅಪರಿಚಿತರಿಗಿಂತ ಗೆಳೆಯರ ಪರ ವಾಲುವ ಗುಣವೂ ಹೆಚ್ಚಿತ್ತು.

ಈ ಕೊನೆಯದನ್ನು ನಾನು ಮರೆಮಾಚಲಾರೆ. ಒಗ್ಗಟ್ಟು ಎಂದು ನಾವು ಹೊಗಳುವ ಗುಣವೂ ಸ್ವಜನಪಕ್ಷಪಾತವೂ ಒಂದೇ ಗದ್ದೆಯಲ್ಲಿ ಬೆಳೆಯಬಲ್ಲವು. ಇವೆಲ್ಲ ಸರಾಸರಿಗಳು ನಿಜ. ಯಾವೊಬ್ಬ ರೈತನ ಹಣೆಗೂ ಇವನ್ನು ಅಂಟಿಸಬಾರದು. ನನ್ನನ್ನು ಬೆರಗುಗೊಳಿಸುವುದು ಕಾಲದ ಅಳತೆ. ಸಾವಿರಾರು ವರ್ಷಗಳ ಸಂಸ್ಕೃತಿಯ ಫಲ ಎನ್ನುತ್ತಿದ್ದ ವ್ಯತ್ಯಾಸ ಅಲ್ಲಿ ಮೂಡಲು ಮುಕ್ಕಾಲು ಶತಮಾನವೂ ಬೇಕಾಗಲಿಲ್ಲ.