ಭಜನೆಗೆ ಗೆಜ್ಜೆ ಕಟ್ಟಿದ್ದು ಯಾವಾಗ?

ಕರಾವಳಿಯಲ್ಲಿ ಕೆಲವು ವರ್ಷಗಳಿಂದ ಕುಣಿತ ಭಜನೆಯದ್ದೇ ಮಾತು. ಎಲ್ಲರಿಗೂ ಒಂದೇ ಬಣ್ಣದ ಉಡುಪು, ಕೈಯಲ್ಲಿ ತಾಳ, ಹಾಡಿಗೆ ತಕ್ಕ ಹೆಜ್ಜೆ. ದೇವಸ್ಥಾನಕ್ಕೆ ಅಕ್ಕಿ, ತರಕಾರಿ ಒಯ್ಯುವ ಹೊರೆಕಾಣಿಕೆ ಮೆರವಣಿಗೆಗೂ ಈಗ ಒಂದು ತಂಡ ಬೇಕೇ ಬೇಕು. ಮಕ್ಕಳು ಮೊಬೈಲು ಕೆಳಗಿಟ್ಟು ಬಂದರಲ್ಲ ಎಂದು ಕೆಲವರಿಗೆ ಸಮಾಧಾನ. ಇದು ಭಕ್ತಿಯಲ್ಲ, ಪ್ರದರ್ಶನ ಎಂದು ಉಳಿದವರ ಆಕ್ಷೇಪ. ಹಾಡು ಒಳಗಿನಿಂದಲೇ ಉಕ್ಕಬೇಕೋ, ಕಲಿತು ಹಾಡಿದರೂ ಸಂದೀತೋ ಎಂಬುದು ಜಗಳದ ಬುಡ.

ಈ ಪ್ರಶ್ನೆ ಹಳೆಯದು. ಹರಿದಾಸರಲ್ಲಿ ಪ್ರೇರಣೆಗೂ ಒಂದು ಕಟ್ಟುಪಾಡಿತ್ತು, ಅದೇ ಅಂಕಿತ: ಪದದ ಕೊನೆಯಲ್ಲಿ ಬರುವ, ಗುರುವಿನಿಂದ ಪಡೆದ ದೇವರ ಹೆಸರಿನ ಮುದ್ರೆ. ಪುರಂದರದಾಸರು (1484–1564) ಅದನ್ನು ಪಡೆದದ್ದು ವ್ಯಾಸರಾಯರಿಂದ. ಎಷ್ಟೋ ಕಾಲದ ಮೇಲೆ ಬಂದ ವಿಜಯದಾಸರಿಗೆ ಪುರಂದರದಾಸರೇ ಕನಸಿನಲ್ಲಿ ಬಂದು ಕೊಟ್ಟರು ಎನ್ನುತ್ತದೆ ಸಂಪ್ರದಾಯ. ಕನಸಾದರೂ ಗುರುವಿನ ದಾರಿಯಲ್ಲೇ ಬರಬೇಕಿತ್ತು, ತೋಚಿದ್ದೆಲ್ಲ ಪ್ರೇರಣೆಯಲ್ಲ. ಇನ್ನು ಗೆಜ್ಜೆಯ ಮಾತು: ತಂಬೂರಿ ಮೀಟಿದವರ ಜೊತೆ ಗೆಜ್ಜೆ ಕಟ್ಟಿದವರನ್ನೂ ಹೊಗಳುವ ಕೀರ್ತನೆ ಪುರಂದರದಾಸರದ್ದೇ ಇದೆ. ಆಕ್ಷೇಪಿಸುವವರು ಅದನ್ನೂ ಹಾಡುತ್ತಾರೆ!

ಆಮೇಲೆ ಶತಮಾನಗಟ್ಟಲೆ ಪದಗಳು ಬಾಯಿಂದ ಬಾಯಿಗೆ ಸಾಗಿದವು. 1850ರಲ್ಲಿ ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದರು.

ಇಂದಿಗೂ ಹಳೆಯ ಪದ್ಧತಿ ನೋಡಬೇಕಿದ್ದರೆ ಉಡುಪಿಯ ಲಕ್ಷ್ಮೀವೆಂಕಟೇಶ ದೇವಸ್ಥಾನದ ಭಜನಾ ಸಪ್ತಾಹಕ್ಕೆ ಹೋಗಬೇಕು. ದೀಪ ಸ್ಥಾಪನೆಯಾಯಿತೆಂದರೆ ಏಳು ಹಗಲು, ಏಳು ರಾತ್ರಿ ಹಾಡು ನಿಲ್ಲಕೂಡದು. ಮಂಡಳಿಗಳಿಗೆ ಪಾಳಿ ಹಂಚಿರುತ್ತದೆ. ಜನ ತುಂಬಿದ ಸಂಜೆಯ ಪಾಳಿ ಯಾರಿಗೂ ಇಷ್ಟವೇ. ಕಷ್ಟವಿರುವುದು ನಡುರಾತ್ರಿ ಕಳೆದ ಮೇಲಿನ ಪಾಳಿಯಲ್ಲಿ. ರೆಪ್ಪೆ ಎಳೆಯುತ್ತದೆ, ಗಂಟಲು ಕಟ್ಟಿರುತ್ತದೆ, ಶ್ರುತಿ ಜಾರುತ್ತದೆ. ಆದರೂ ಮುಂದಿನವರು ಬಂದು ದನಿ ಕೂಡಿಸುವ ತನಕ ತಾಳ ಕೆಳಗಿಡುವಂತಿಲ್ಲ. ಪ್ರೇರಣೆ ಬಂತೇ ಎಂದು ಆಗ ಯಾರೂ ಕೇಳುವುದಿಲ್ಲ. ಪಾಳಿ ಬಂತು, ಹಾಡಬೇಕು, ಅಷ್ಟೆ. ಭಾವ ಹುಟ್ಟುವುದಿದ್ದರೆ ಅಲ್ಲೇ ಎಲ್ಲೋ ಹುಟ್ಟುತ್ತದೆ.

ಮುಂದೆ ಮೈಕು ಬಂತು, ಕ್ಯಾಸೆಟ್ ಬಂತು, ಸಿನಿಮಾ ಧಾಟಿ ಬಂತು, ಸ್ಪರ್ಧೆ ಬಂತು. ಧರ್ಮಸ್ಥಳದ ಭಜನಾ ಕಮ್ಮಟದಂಥ ತರಬೇತಿಗಳೂ ಬಂದವು. ಹಾಗಾಗಿ ಕಲಿತು ಹಾಡುವುದನ್ನೇ ದೂರುವುದರಲ್ಲಿ ಹುರುಳಿಲ್ಲ. ದೂರುವುದಾದರೆ ಬೇರೆಯದೊಂದಿದೆ. ಮಂದಿರದ ಭಜನೆಯಲ್ಲಿ ಒಬ್ಬರು ಸಾಲು ಎತ್ತಿಕೊಟ್ಟರೆ ಕುಳಿತವರೆಲ್ಲ ಹಿಂದಿನಿಂದ ಹೇಳುತ್ತಿದ್ದರು. ಸ್ಪರ್ಧೆಯ ವೇದಿಕೆಯೆದುರು ಕುಳಿತವರು ಈಗ ಕೊನೆಯಲ್ಲಿ ಚಪ್ಪಾಳೆ ತಟ್ಟುತ್ತಾರೆ.